1954ರ ಷೆವರ್ಲೆ 3100: ನೆಲದಡಿ ಬೂಸ್ಟರ್ ಹಾಕಿದ ಮೇಲೆ ಬಿಸಿಯಾದಾಗ ಮುಂದಿನ ಬ್ರೇಕ್ ಹಿಡಿದುಕೊಳ್ಳುತ್ತೆ

ಡೆನ್ವರ್_ಪಿಕಪ್:

ಎಲ್ಲರಿಗೂ ನಮಸ್ಕಾರ. ಗಾಡಿ 1954ರ ಷೆವರ್ಲೆ 3100 ಪಿಕಪ್, ಎಂಜಿನ್ ಹಳೇ 235 ಆರು ಸಿಲಿಂಡರಿನದೇ. ಪೆಡಲುಗಳು ಮೊದಲಿನಂತೆ ನೆಲದಿಂದ ಮೇಲೆ ಬಂದಿವೆ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ಲೈನಿಗೆ ತಳ್ಳೋದು) ನೆಲದ ಕೆಳಗೆ ಎಡಗಡೆ ಚಾಸಿಸ್ ರೈಲಿನ ಮೇಲೆ. ಮೂಲದ ಒಂಟಿ ಸರ್ಕ್ಯೂಟ್ ತೆಗೆದು ಈಗ ಹಾಕಿರೋದು ಇಷ್ಟು: ಮುಂದೆ ಡಿಸ್ಕ್ (ಎಪ್ಪತ್ತರ ದಶಕದ ಜಿಎಂ ಒಂಟಿ ಪಿಸ್ಟನ್ ಕ್ಯಾಲಿಪರ್), ಹಿಂದೆ ಮೂಲದ ಡ್ರಮ್, ಎರಡು ಡಯಾಫ್ರಮ್ ಇರುವ 7 ಇಂಚಿನ ಬೂಸ್ಟರ್ (ಎಂಜಿನ್ ವ್ಯಾಕ್ಯೂಮಿನಿಂದ ಕಾಲಿನ ಒತ್ತಡಕ್ಕೆ ಸಹಾಯ ಕೊಡೋದು), 1 ಇಂಚು ಬೋರಿನ ಡ್ಯುಯಲ್ ಮಾಸ್ಟರ್ ಸಿಲಿಂಡರ್, ಅದರ ಕೆಳಗೆ ಕಾಂಬಿನೇಷನ್ ವಾಲ್ವ್ (ಮುಂದಿನ, ಹಿಂದಿನ ಬ್ರೇಕಿಗೆ ಒತ್ತಡ ಹೊಂದಿಸೋದು). ಎಲ್ಲಾ ಒಂದೇ ಕಿಟ್ಟಿನಲ್ಲಿ ಬ್ರಾಕೆಟ್ ಸಮೇತ ಬಂದದ್ದು.

ತಣ್ಣಗಿದ್ದಾಗ ಬ್ರೇಕ್ ಚೆನ್ನಾಗಿದೆ. ಊರೊಳಗೆ 15-20 ನಿಮಿಷ ಓಡಿಸಿದರೆ ಪೆಡಲ್ ಮೇಲೇರಿ ಗಟ್ಟಿಯಾಗುತ್ತೆ, ನ್ಯೂಟ್ರಲ್‌ಗೆ ಹಾಕಿದರೂ ಗಾಡಿ ಉರುಳಲ್ಲ, ಮುಂದಿನ ಎರಡೂ ಹಬ್ ಕೈ ಇಡಲಾಗದಷ್ಟು ಕಾದಿರುತ್ತೆ. ಅರ್ಧ ಗಂಟೆ ನಿಲ್ಲಿಸಿದರೆ ತಾನೇ ಬಿಟ್ಟುಕೊಳ್ಳುತ್ತೆ.

ಅಳತೆಗಳು: ಪೆಡಲ್ ಪ್ಯಾಡಿನಿಂದ ಪಿವಟ್‌ಗೆ 12 ಇಂಚು, ಪಿವಟ್‌ನಿಂದ ಪುಶ್‌ರಾಡ್ ಪಿನ್ನಿಗೆ 2 ಇಂಚು. ಐಡಲ್‌ನಲ್ಲಿ ವ್ಯಾಕ್ಯೂಮ್ ಗೇಜ್ 15 ಇಂಚು (ಪಾದರಸದ ಲೆಕ್ಕ) ತೋರಿಸುತ್ತೆ. ಲೈನುಗಳಲ್ಲಿ ರೆಸಿಡ್ಯುಯಲ್ ವಾಲ್ವ್ (ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸೋದು) ಬೇರೆಯಾಗಿ ಯಾವುದೂ ಕಾಣಿಸಲಿಲ್ಲ.

ತಪ್ಪು ಎಲ್ಲಿದೆ? 15 ಇಂಚು ವ್ಯಾಕ್ಯೂಮ್ ಸಾಲುತ್ತಾ? ಇಷ್ಟೆಲ್ಲಾ ರಗಳೆ ಬಿಟ್ಟು ಬೂಸ್ಟರನ್ನ ಎಂಜಿನ್ನಿಗೂ ಕ್ಯಾಬಿಗೂ ನಡುವಿನ ತಗಡಿಗೆ, ಅಂದರೆ ಫೈರ್‌ವಾಲ್‌ಗೆ ಎತ್ತಿ ಹಾಕೋದೇ ಒಳ್ಳೇದಾ?

ಚಾಸಿಸ್_ಕಟ್ಟೆ:

ಮೊದಲು ಒಂದು ಮಾತು: ಈ ಗಾಡಿಯನ್ನ ಸರಿ ಮಾಡೋವರೆಗೆ ರಸ್ತೆಗೆ ತರಬೇಡಿ. ಬ್ರೇಕ್ ಆಯಿಲ್ ಕುದಿದರೆ, ಹಿಡಿದುಕೊಂಡಿದ್ದ ಬ್ರೇಕು ಇದ್ದಕ್ಕಿದ್ದಂತೆ ಇಲ್ಲವೇ ಇಲ್ಲ ಅನ್ನೋ ಹಾಗಾಗುತ್ತೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್ ತಡೆಯಬೇಕು ಅಂತ ನಿಯಮ. ತೇವ ಹೀರಿಕೊಂಡ ಮೇಲೆ ಅದು 140ಕ್ಕೆ ಇಳಿದಿರುತ್ತೆ.

ನೀವು ಹೇಳಿದ ಲಕ್ಷಣ ನೋಡಿದರೆ ಆಯಿಲ್ ವಾಪಸ್ ಟ್ಯಾಂಕಿಗೆ ಹೋಗಲಾರದೆ ಸಿಕ್ಕಿಹಾಕಿಕೊಳ್ಳುತ್ತಿದೆ. ಮಾಸ್ಟರ್ ಸಿಲಿಂಡರ್ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ನಿಂತಾಗ ಮಾತ್ರ ಅದರ ಕಪ್ಪಿನ (ರಬ್ಬರ್ ಸೀಲಿನ) ಮುಂದಿರುವ ಸಣ್ಣ ತೂತು (ಕಾಂಪನ್ಸೇಟಿಂಗ್ ಪೋರ್ಟ್) ತೆರೆದಿರುತ್ತೆ. ಪಿಸ್ಟನ್ ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಮುಂದೆ ನಿಂತರೂ ಕಪ್ ಆ ತೂತನ್ನು ಮುಚ್ಚಿಬಿಡುತ್ತೆ. ಆಮೇಲೆ ಆಯಿಲ್ ಕಾದು ಹಿಗ್ಗಿದರೆ ಹೋಗಲು ದಾರಿಯಿಲ್ಲ, ಕ್ಯಾಲಿಪರ್ ಕಡೆಗೇ ಒತ್ತುತ್ತೆ. ಒತ್ತಿದಷ್ಟೂ ಪ್ಯಾಡ್ ಉಜ್ಜುತ್ತೆ, ಉಜ್ಜಿದಷ್ಟೂ ಕಾಯುತ್ತೆ. ತಣ್ಣಗಾದ ಮೇಲೆ ಬಿಟ್ಟುಕೊಳ್ಳೋದು ಇದೇ ಕಾರಣಕ್ಕೆ.

ಪಿಸ್ಟನ್ನನ್ನ ಮುಂದೆ ತಳ್ಳಿ ಹಿಡಿದಿರೋದು ಯಾವುದು ಅಂತ ಊಹಿಸಬೇಡಿ. ಗಾಡಿ ಹಿಡಿದುಕೊಂಡಿರುವಾಗಲೇ, ಮುಂದಿನ ಒಂದು ಚಕ್ರ ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರ ಉರುಳದಂತೆ ಅಡ್ಡ ಇಟ್ಟು, ಈ ಕ್ರಮದಲ್ಲಿ ನೋಡಿ. ಪ್ರತಿ ಹೆಜ್ಜೆಗೂ ಚಕ್ರ ಕೈಯಿಂದ ತಿರುಗಿಸಿ ನೋಡಬೇಕು. ಕ್ರಮ ಬದಲಿಸಿದರೆ ಉತ್ತರ ಸಿಗಲ್ಲ.

1. ಎಂಜಿನ್ ಆಫ್ ಮಾಡಿ ಬೂಸ್ಟರಿನ ಚೆಕ್ ವಾಲ್ವ್ (ವ್ಯಾಕ್ಯೂಮ್ ಹೋಸ್ ಸೇರುವ ಏಕಮುಖ ವಾಲ್ವ್) ಎಳೆದು ವ್ಯಾಕ್ಯೂಮ್ ಬಿಡಿ. ಚಕ್ರ ಬಿಟ್ಟುಕೊಂಡರೆ ಬೂಸ್ಟರಿನ ಒಳಗಿನ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಪೆಡಲ್ ವಾಪಸ್ ಬರದೆ ಆ ವಾಲ್ವನ್ನ ಒತ್ತಿ ಹಿಡಿದಿದೆ.

2. ಬಿಡಲಿಲ್ಲವಾ? ಪೆಡಲಿನ ಕ್ಲೆವಿಸ್ ಪಿನ್ (ಪೆಡಲನ್ನ ಬೂಸ್ಟರಿನ ರಾಡಿಗೆ ಜೋಡಿಸೋ ಪಿನ್) ತೆಗೆಯಿರಿ. ಈಗ ಬಿಟ್ಟರೆ ತಪ್ಪು ಪೆಡಲ್ ಕಡೆಯದು: ಫ್ರೀ ಪ್ಲೇ (ಖಾಲಿ ಆಟ) ಇಲ್ಲ, ಅಥವಾ ಪೆಡಲ್ ಕೋಲು ನೆಲದ ತಗಡಿಗೆ ತಾಗುತ್ತಿದೆ.

3. ಆಗಲೂ ಬಿಡದಿದ್ದರೆ ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ಸಡಿಲಿಸಿ, ಬೂಸ್ಟರಿನಿಂದ 3 ಮಿ.ಮೀ ಈಚೆ ಎಳೆಯಿರಿ. ಈಗ ಬಿಟ್ಟರೆ ಬೂಸ್ಟರಿಗೂ ಮಾಸ್ಟರ್ ಸಿಲಿಂಡರಿಗೂ ನಡುವಿನ ಪುಶ್‌ರಾಡ್ ಉದ್ದವಾಗಿದೆ.

4. ಇನ್ನೂ ಬಿಡದಿದ್ದರೆ ಮುಂದಿನ ಲೈನಿನ ನಟ್ಟನ್ನ ಮಾಸ್ಟರ್ ಸಿಲಿಂಡರಿನ ಹತ್ತಿರ ಸ್ವಲ್ಪ ಸಡಿಲಿಸಿ. ಕನ್ನಡಕ ಹಾಕಿಕೊಳ್ಳಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ಮಾಸ್ಟರ್ ಸಿಲಿಂಡರಿನ ಒಳಗೇ ತೊಂದರೆ: ಪೋರ್ಟ್ ಕಟ್ಟಿದೆ, ಕಪ್ ಊದಿದೆ, ಇಲ್ಲವೇ ಔಟ್‌ಲೆಟ್‌ನಲ್ಲಿ ಡ್ರಮ್ಮಿನ ರೆಸಿಡ್ಯುಯಲ್ ವಾಲ್ವ್ ಕೂತಿದೆ.

5. ಕೊನೆಗೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಲೈನಿನ ಗಾಳಿ ಹೊರಬಿಡೋ ತಿರುಪು) ತೆರೆದಾಗಲೇ ಬಿಟ್ಟರೆ ಕಾಂಬಿನೇಷನ್ ವಾಲ್ವ್ ಅಥವಾ ಒಳಗೆ ಮುಚ್ಚಿಕೊಂಡ ರಬ್ಬರ್ ಹೋಸ್. ನಿಪ್ಪಲ್ ತೆರೆದರೂ ಬಿಡದಿದ್ದರೆ ಕ್ಯಾಲಿಪರ್ ಪಿಸ್ಟನ್ ಅಥವಾ ಸ್ಲೈಡ್ ಪಿನ್ ಜಾಮ್. ಎರಡೂ ಚಕ್ರ ಒಟ್ಟಿಗೆ ಹಿಡಿಯುವುದರಿಂದ ನಿಮ್ಮಲ್ಲಿ ಇದು ಇರಲಾರದು.

ಪಾದರಸ_18:

ವ್ಯಾಕ್ಯೂಮ್ ಪ್ರಶ್ನೆಗೆ ಉತ್ತರಿಸ್ತೀನಿ. ಡೆನ್ವರ್ 1,609 ಮೀಟರ್ ಎತ್ತರದಲ್ಲಿದೆ. ಸಮುದ್ರಮಟ್ಟದಿಂದ ಪ್ರತಿ 1,000 ಅಡಿಗೆ ಹೆಚ್ಚೂಕಡಿಮೆ ಒಂದು ಇಂಚು ಪಾದರಸದಷ್ಟು ವ್ಯಾಕ್ಯೂಮ್ ಕಡಿಮೆಯಾಗುತ್ತೆ. ಸಮುದ್ರಮಟ್ಟದಲ್ಲಿ 19-20 ತೋರಿಸುವ ಆರೋಗ್ಯವಂತ 235 ನಿಮ್ಮೂರಿನಲ್ಲಿ 15 ತೋರಿಸುವುದು ಸಹಜ, ಎಂಜಿನ್ನಿನ ದೋಷ ಅಂದುಕೊಳ್ಳಬೇಡಿ. (ಬೆಂಗಳೂರಿನಲ್ಲೂ ಸುಮಾರು 3 ಇಂಚು ಕಳೆದುಕೊಂಡೇ ಲೆಕ್ಕ ಹಾಕಬೇಕು.) ಬೂಸ್ಟರ್ ಮಾರುವವರು 18 ಇಂಚು ಬೇಕು ಅನ್ನುತ್ತಾರೆ. ಅದಕ್ಕಿಂತ ಕಡಿಮೆಯಾದರೆ ಬ್ರೇಕೇ ಇಲ್ಲ ಅಂತ ಅರ್ಥವಲ್ಲ, ಸಹಾಯ ಕಡಿಮೆ ಅಂತ ಅರ್ಥ.

ಲೆಕ್ಕ ನೋಡಿ. ಕಾಲಿನಿಂದ 30 ಕೆಜಿ ಒತ್ತಿದರೆ ನಿಮ್ಮ 6:1 ಪೆಡಲ್ (12 ಇಂಚಿಗೆ 2 ಇಂಚು) ಅದನ್ನು 180 ಕೆಜಿ ಮಾಡುತ್ತೆ. 1 ಇಂಚು ಬೋರಿನ ವಿಸ್ತೀರ್ಣ 5.07 ಚದರ ಸೆಂ.ಮೀ. ಹಾಗಾಗಿ ಬೂಸ್ಟರ್ ಇಲ್ಲದೆ ಲೈನಿನಲ್ಲಿ ಬರೋದು ಚದರ ಇಂಚಿಗೆ ಸುಮಾರು 500 ಪೌಂಡ್, ಅಂದರೆ 500 ಪಿಎಸ್‌ಐ. ಡಿಸ್ಕ್ ಬ್ರೇಕಿಗೆ ಇದು ಸಾಲದು, ಜೋರಾಗಿ ನಿಲ್ಲಿಸಲು ಸುಮಾರು 1,000 ಬೇಕು. 7 ಇಂಚಿನ ಒಂದು ಡಯಾಫ್ರಮ್ 15 ಇಂಚು ವ್ಯಾಕ್ಯೂಮಿನಲ್ಲಿ ಲೆಕ್ಕದ ಪ್ರಕಾರ 128 ಕೆಜಿ ತಳ್ಳುತ್ತೆ, ಎರಡು ಸೇರಿ 256. ನಡುವಿನ ರಾಡಿನ ಜಾಗ, ಸ್ಪ್ರಿಂಗಿನ ತಡೆ ಎಲ್ಲಾ ಕಳೆದು 200 ಅಂತ ಇಟ್ಟುಕೊಳ್ಳಿ. ಅದರಿಂದ ಇನ್ನೊಂದು 560 ಪಿಎಸ್‌ಐ ಸೇರಿ ಒಟ್ಟು ಸಾವಿರ ದಾಟುತ್ತೆ. ಸಾಕು. ಒಂಟಿ ಡಯಾಫ್ರಮ್ಮಿನ 7 ಇಂಚಿನದು ಹಾಕಿದ್ದರೆ ನಿಮ್ಮೂರಿಗೆ ಸಾಲುತ್ತಿರಲಿಲ್ಲ.

ಬೂಸ್ಟರ್ ಹಾಕಿದ ಮೇಲೆ ಪೆಡಲ್ ಅನುಪಾತ 4:1ಕ್ಕೆ ಇಳಿಸಬೇಕು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು 9 ಅಥವಾ 11 ಇಂಚಿನ ದೊಡ್ಡ ಬೂಸ್ಟರಿನ ಮಾತು. ನಿಮ್ಮ ಸಣ್ಣ ಬೂಸ್ಟರಿಗೆ, ನಿಮ್ಮ ಎತ್ತರಕ್ಕೆ, 6:1 ಹಾಗೇ ಬಿಡಿ. ಮಾಸ್ಟರ್ ಸಿಲಿಂಡರನ್ನ 1⅛ ಇಂಚಿಗೆ ದೊಡ್ಡದು ಮಾಡೋ ಯೋಚನೆ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಬೋರ್ ದೊಡ್ಡದಾದರೆ ಪೆಡಲ್ ಓಟ ಕಡಿಮೆಯಾಗುತ್ತೆ ನಿಜ, ಒತ್ತಡವೂ ಐದರಲ್ಲಿ ಒಂದು ಪಾಲು ಬೀಳುತ್ತೆ.

ಹೋಸ್ ಬಗ್ಗೆಯೂ ಹೇಳಬೇಕು. ಬೂಸ್ಟರ್ ಮ್ಯಾನಿಫೋಲ್ಡಿಗಿಂತ ಕೆಳಗಿದೆ. ಹೋಸ್ ನೇರವಾಗಿ ಇಳಿದರೆ ಮ್ಯಾನಿಫೋಲ್ಡಿನಲ್ಲಿ ತಣಿದ ಪೆಟ್ರೋಲ್ ಹನಿ ಬೂಸ್ಟರಿನೊಳಕ್ಕೆ ಹರಿದು ಡಯಾಫ್ರಮ್ ಹಾಳು ಮಾಡುತ್ತೆ. ಹೋಸನ್ನ ಮೊದಲು ಮ್ಯಾನಿಫೋಲ್ಡಿಗಿಂತ ಮೇಲಕ್ಕೆ ಏರಿಸಿ ಆಮೇಲೆ ಇಳಿಸಿ. ಏರಿದ ಜಾಗದಲ್ಲೇ ಇನ್ನೊಂದು ಇನ್‌ಲೈನ್ ಚೆಕ್ ವಾಲ್ವ್ ಇದ್ದರೆ ಇನ್ನೂ ಒಳ್ಳೇದು. ಹೋಸ್ ಒಳವ್ಯಾಸ 3/8 ಇಂಚು, ವ್ಯಾಕ್ಯೂಮಿಗೆ ಅಂತಲೇ ಮಾಡಿದ್ದು ಬೇಕು. ತೆಳು ಹೋಸ್ ಕಾದಾಗ ಒಳಗೆ ಚಪ್ಪಟೆಯಾಗುತ್ತೆ. ವ್ಯಾಕ್ಯೂಮ್ ವೈಪರಿನ ಸಣ್ಣ ಪೈಪಿಗೆ ಟೀ ಹಾಕಿ ಬೂಸ್ಟರಿಗೆ ಕೊಡಬೇಡಿ.

ಮಂಡ್ಯ_ಜೀಪು:

ನೆಲದಡಿ ಮಾಸ್ಟರ್ ಸಿಲಿಂಡರ್ ಅನ್ನೋದು ಈ ಷೆವರ್ಲೆಗೆ ಮಾತ್ರ ಸೀಮಿತವಲ್ಲ. 1953-56ರ ಫೋರ್ಡ್ ಎಫ್-100, ಹಳೇ ವಿಲ್ಲಿಸ್, ನಮ್ಮ ಕಡೆಯ ಹಳೇ ಮಹೀಂದ್ರಾ ಸಿಜೆ ಜೀಪುಗಳೂ ಹೀಗೇ. ಹಾಗಾಗಿ ಕೆಳಗಿನ ಮಾತು ಎಲ್ಲರಿಗೂ ಅನ್ವಯ.

ಬ್ರಾಕೆಟ್ ನೋಡಿ. ಪೆಡಲ್ ಒತ್ತಿದಾಗ ಬ್ರಾಕೆಟ್ ಬಗ್ಗಿದರೆ ಆ ಬಾಗುವಿಕೆ ಅಷ್ಟೂ ಪೆಡಲ್ ಓಟದಲ್ಲಿ ಆರು ಪಟ್ಟು ಕಾಣಿಸುತ್ತೆ. ಎಷ್ಟು ಬ್ಲೀಡ್ ಮಾಡಿದರೂ ಸ್ಪಂಜಿನಂತೆ ಇರುವ ಪೆಡಲಿಗೆ ಇದು ಸಾಮಾನ್ಯ ಕಾರಣ, ಜನ ಏರ್ ಇದೆ ಅಂದುಕೊಂಡು ಲೀಟರುಗಟ್ಟಲೆ ಆಯಿಲ್ ಚೆಲ್ಲುತ್ತಾರೆ. ಎಂಜಿನ್ ಚಾಲೂ ಇಟ್ಟು ಒಬ್ಬರು ಜೋರಾಗಿ ತುಳಿಯಲಿ, ಇನ್ನೊಬ್ಬರು ಮಾಸ್ಟರ್ ಸಿಲಿಂಡರ್ ತುದಿಗೆ ಸ್ಕೇಲ್ ಹಿಡಿದು ನೋಡಲಿ. ಒಂದು ಮಿಲಿಮೀಟರಿಗಿಂತ ಹೆಚ್ಚು ಅಲುಗಿದರೆ ನನ್ನ ಪ್ರಕಾರ ಆ ಬ್ರಾಕೆಟ್ಟಿಗೆ ಮೂಲೆಪಟ್ಟಿ ವೆಲ್ಡ್ ಮಾಡಬೇಕು. ತಗಡು 5 ಮಿ.ಮೀ.ಗಿಂತ ತೆಳುವಿದ್ದರೆ ಬದಲಿಸಿಬಿಡಿ.

ಚಾಸಿಸ್ ಸಿ-ಚಾನಲ್ಲಿನ ನಿಂತ ಗೋಡೆಯಲ್ಲಿ ಮಾತ್ರ ತೂತು ಹೊಡೆಯಿರಿ. ಮೇಲಿನ, ಕೆಳಗಿನ ಅಂಚುಗಳೇ ಭಾರ ಹೊರೋದು, ಅಲ್ಲಿ ತೂತು ಹೊಡೆದರೆ ಮುಂದೆ ಅಲ್ಲಿಂದಲೇ ಬಿರುಕು ಬರುತ್ತೆ. 3/8 ಇಂಚಿನ ಗ್ರೇಡ್ 5 ಅಥವಾ 8 ಬೋಲ್ಟು, ಒಳಗಡೆ ವಾಷರ್ ಬದಲು ಒಂದೇ ಉದ್ದ ಪಟ್ಟಿ, ಲಾಕ್ ನಟ್ಟು. ಚಾಸಿಸ್ ಬಾಕ್ಸ್ ಮಾಡಿದ್ದರೆ ಬೋಲ್ಟ್ ಹಾದುಹೋಗುವ ಕಡೆ ಒಳಗೆ ಪೈಪ್ ತುಂಡು ಇಟ್ಟು ವೆಲ್ಡ್ ಮಾಡಿ. ಇಲ್ಲದಿದ್ದರೆ ಬಿಗಿ ಮಾಡಿದಾಗ ಗೋಡೆ ಒಳಗೆ ಕುಸಿದು ಬೋಲ್ಟ್ ಸಡಿಲಾಗುತ್ತಾ ಹೋಗುತ್ತೆ.

ಬೂಸ್ಟರಿಗೆ ಹೋಗುವ ರಾಡ್ ಪಕ್ಕದಿಂದಲೂ ಮೇಲಿನಿಂದಲೂ ನೋಡಿದಾಗ ನೇರವಾಗಿರಬೇಕು. ಓರೆ ಇದ್ದರೆ ಬೂಸ್ಟರಿನ ಸೀಲ್ ಒಂದೇ ಪಕ್ಕ ಸವೆಯುತ್ತೆ, ವಾಲ್ವ್ ವಾಪಸ್ ಬರುವಾಗ ತಡೆಯುತ್ತೆ. ಕ್ಲೆವಿಸ್ ಎತ್ತರ ಸರಿಹೊಂದದಿದ್ದರೆ ಬ್ರಾಕೆಟ್ಟನ್ನೇ ಶಿಮ್ ಕೊಟ್ಟು ಸರಿಮಾಡಿ, ರಾಡನ್ನು ಬಗ್ಗಿಸಬೇಡಿ.

ಇನ್ನೊಂದು, ಹೆಚ್ಚು ಜನ ಗಮನಿಸದ ವಿಷಯ: ರಿಟರ್ನ್ ಸ್ಪ್ರಿಂಗ್. ನೆಲದಿಂದ ಮೇಲೆ ಬಂದ ಪೆಡಲಿನ ಭಾರ ಅದನ್ನ ಒತ್ತುವ ದಿಕ್ಕಿಗೇ ಎಳೆಯುತ್ತೆ. ಕಿಟ್ ಹಾಕುವಾಗ ಹಳೇ ಸ್ಪ್ರಿಂಗ್ ಸಿಕ್ಕಿಸಲು ಜಾಗವಿಲ್ಲ ಅಂತ ಬಿಟ್ಟರೆ ಪೆಡಲಿನ ತೂಕ ಬೂಸ್ಟರ್ ವಾಲ್ವಿನ ಮೇಲೆ ಕೂತು, ಎಂಜಿನ್ ಓಡುವಷ್ಟು ಹೊತ್ತೂ ಬ್ರೇಕ್ ಸ್ವಲ್ಪ ಹಾಕಿದಂತೆಯೇ ಇರುತ್ತೆ. ಸ್ಪ್ರಿಂಗ್ ಇರಲೇಬೇಕು, ಪೆಡಲಿಗೆ ಮೇಲಿನ ತಡೆ ಇರಬೇಕು, ಪ್ಯಾಡಿನ ಹತ್ತಿರ ಕೈಯಲ್ಲಿ ಒತ್ತಿದರೆ 3ರಿಂದ 6 ಮಿ.ಮೀ ಖಾಲಿ ಆಟ ಸಿಗಬೇಕು.

ಡೆನ್ವರ್_ಪಿಕಪ್:

ಚಾಸಿಸ್_ಕಟ್ಟೆ ಸರ್ ಹೇಳಿದ ಕ್ರಮದಲ್ಲೇ ಪರೀಕ್ಷೆ ಆಯ್ತು. ವ್ಯಾಕ್ಯೂಮ್ ಬಿಟ್ಟಾಗ ಬದಲಾವಣೆ ಇಲ್ಲ. ಕ್ಲೆವಿಸ್ ಪಿನ್ ತೆಗೆದಾಗಲೂ ಇಲ್ಲ. ಮಾಸ್ಟರ್ ಸಿಲಿಂಡರ್ ನಟ್ಟು ಸಡಿಲಿಸಿ ಈಚೆ ಎಳೆದ ತಕ್ಷಣ ಎರಡೂ ಚಕ್ರ ಬಿಟ್ಟುಕೊಂಡವು. ರಿಟರ್ನ್ ಸ್ಪ್ರಿಂಗ್ ಇದೆ. ಬೂಸ್ಟರಿನಿಂದ ಹೊರಬಂದ ರಾಡಿನ ತುದಿಯಲ್ಲಿ ತಿರುಗಿಸುವ ಬೋಲ್ಟ್ ಇದೆ. ಎಷ್ಟು ಇಳಿಸಬೇಕು?

ಚಾಸಿಸ್_ಕಟ್ಟೆ:

ಹಾಗಾದರೆ ಪುಶ್‌ರಾಡೇ. ಅಂದಾಜಿನಲ್ಲಿ ಇಳಿಸಬೇಡಿ. ಜಾಸ್ತಿ ಇಳಿಸಿದರೆ ಪೆಡಲಿನ ಮೊದಲ ಓಟವೆಲ್ಲಾ ವ್ಯರ್ಥವಾಗಿ ಬ್ರೇಕ್ ಕೆಳಗೆ ಹಿಡಿಯುತ್ತೆ. ಬೇಕಾಗಿರೋ ಗ್ಯಾಪು 0.5 ಮಿ.ಮೀ, ಅಂದರೆ 20 ಥೌ (ಇಂಚಿನ ಸಾವಿರದಲ್ಲಿ 20 ಪಾಲು).

ಲೈನುಗಳನ್ನ ಬಿಚ್ಚದೆ, ಅವು ಬಗ್ಗುವಷ್ಟು ಮಾತ್ರ ಮಾಸ್ಟರ್ ಸಿಲಿಂಡರನ್ನ ಈಚೆ ತನ್ನಿ. ಜಾಗ ಸಾಲದಿದ್ದರೆ ಬಿಚ್ಚಿ, ಆಮೇಲೆ ಬ್ಲೀಡ್ ಮಾಡಿದರಾಯ್ತು. ಪಿಸ್ಟನ್ನಿನ ಹಿಂಭಾಗದ ಗುಳಿಯಲ್ಲಿ ಕಡಲೆಕಾಳಿನಷ್ಟು ಮಾಡೆಲಿಂಗ್ ಕ್ಲೇ ಇಟ್ಟು, ಮಾಸ್ಟರ್ ಸಿಲಿಂಡರನ್ನ ಬೂಸ್ಟರಿಗೆ ಪೂರ್ತಿ ಕೂರಿಸಿ ನಟ್ಟು ಬಿಗಿ ಮಾಡಿ, ಮತ್ತೆ ಬಿಚ್ಚಿ. ಒತ್ತಿಹೋದ ಕ್ಲೇಯ ದಪ್ಪವೇ ನಿಮ್ಮ ಗ್ಯಾಪು. ನಿಮ್ಮಲ್ಲಿ ಕ್ಲೇ ಪೂರ್ತಿ ಹಿಂಡಿಹೋಗಿ ಲೋಹ ಕಾಣುತ್ತೆ ಅಂತ ನನ್ನ ಎಣಿಕೆ. ಬೋಲ್ಟನ್ನ ಅರ್ಧ ಸುತ್ತು ಒಳಗೆ ತಿರುಗಿಸಿ ಮತ್ತೆ ಅಳೆಯಿರಿ, 0.5 ಬರುವವರೆಗೆ. ತಿರುಗಿಸುವಾಗ ರಾಡನ್ನ ಪ್ಲೈಯರಿನಲ್ಲಿ ಹಿಡಿದುಕೊಳ್ಳಿ, ಬೂಸ್ಟರಿನೊಳಗೆ ತಿರುಗಲು ಬಿಡಬೇಡಿ. ಸೊನ್ನೆ ಗ್ಯಾಪು ಇಡೋದು ತಪ್ಪು: ವ್ಯಾಕ್ಯೂಮ್ ಬಂದಾಗ ಬೂಸ್ಟರಿನ ಮುಂದಿನ ತಗಡು ಸ್ವಲ್ಪ ಒಳಗೆ ಎಳೆದುಕೊಳ್ಳುತ್ತೆ, ಆಗ ಮಾಸ್ಟರ್ ಸಿಲಿಂಡರೂ ರಾಡಿನ ಕಡೆಗೆ ಸರಿಯುತ್ತೆ. ನಟ್ಟು ಕೊನೆಗೆ 25 ಫುಟ್-ಪೌಂಡ್ ಸಾಕು.

ಗುಳಿಯ ಆಳವನ್ನೂ ನೋಡಿ. ಬೂಸ್ಟರ್ ಇಲ್ಲದ ಗಾಡಿಯ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ಗುಳಿ ಆಳ, ಬೂಸ್ಟರಿನದರಲ್ಲಿ ಕಡಿಮೆ ಆಳ. ಆಳ ಗುಳಿಯದಕ್ಕೆ ಬೂಸ್ಟರ್ ಹಾಕಿದರೆ ಗ್ಯಾಪು ವಿಪರೀತ. ತಿರುಗುಮುರುಗಾಗಿ, ಬೂಸ್ಟರ್ ತೆಗೆದು ಕಡಿಮೆ ಗುಳಿಯದನ್ನೇ ನೇರ ಪೆಡಲಿಗೆ ಕೊಟ್ಟರೆ ರಾಡ್ ಜಾರಿ ಬೀಳಬಹುದು. ಅದು ಪ್ರಾಣಕ್ಕೆ ಬರುವ ವಿಷಯ.

ಗ್ಯಾಪು ಸರಿಯಾಯ್ತು ಅಂತ ಖಚಿತ ಮಾಡಿಕೊಳ್ಳೋಕೆ ಮುಚ್ಚಳ ತೆಗೆದು ಟ್ಯಾಂಕಿನೊಳಗೆ ನೋಡುತ್ತಿರಿ, ಇನ್ನೊಬ್ಬರು ಪೆಡಲನ್ನ ನಿಧಾನವಾಗಿ ಮೊದಲ ಒಂದಿಂಚು ಮಾತ್ರ ಒತ್ತಲಿ. ಸಣ್ಣ ತೂತಿನಿಂದ ಆಯಿಲ್ ಬುಗ್ಗೆ ಎದ್ದರೆ ಪೋರ್ಟ್ ತೆರೆದಿತ್ತು ಅಂತ ಅರ್ಥ. ಬುಗ್ಗೆ ಏಳದಿದ್ದರೆ ಇನ್ನೂ ಮುಚ್ಚಿದೆ. ಮುಖ ದೂರ ಇಟ್ಟುಕೊಳ್ಳಿ, ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ.

ಇನ್ನು ರೆಸಿಡ್ಯುಯಲ್ ವಾಲ್ವ್. ನಿಮ್ಮ ಟ್ಯಾಂಕು ಕ್ಯಾಲಿಪರಿಗಿಂತ ಕೆಳಗಿದೆ, ಆಯಿಲ್ ನಿಧಾನವಾಗಿ ವಾಪಸ್ ಇಳಿಯುತ್ತೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಮೊದಲ ತುಳಿತಕ್ಕೆ ಪೆಡಲ್ ಕೆಳಗೆ ಹೋದರೆ ಇದೇ ಕಾರಣ. ಮುಂದಿನ ಡಿಸ್ಕ್ ಲೈನಿಗೆ 2 ಪಿಎಸ್‌ಐ, ಹಿಂದಿನ ಡ್ರಮ್ ಲೈನಿಗೆ 10 ಪಿಎಸ್‌ಐ, ಮಾಸ್ಟರ್ ಸಿಲಿಂಡರಿಗೂ ಕಾಂಬಿನೇಷನ್ ವಾಲ್ವಿಗೂ ನಡುವೆ, ಬಾಣದ ಗುರುತು ಚಕ್ರದ ಕಡೆಗೆ. ಹಾಕುವ ಮುಂಚೆ ಮಾಸ್ಟರ್ ಸಿಲಿಂಡರ್ ಔಟ್‌ಲೆಟ್‌ಗಳಲ್ಲಿ ತೆಳು ತಂತಿ ಹಾಕಿ ನೋಡಿ. ಹಿತ್ತಾಳೆ ಸೀಟಿನ ಹಿಂದೆ ರಬ್ಬರ್ ತಾಗಿ ನಿಂತರೆ ಒಳಗೇ ವಾಲ್ವ್ ಇದೆ. ಹಿಂದಿನದರಲ್ಲಿ ಇದ್ದರೆ ಹೊರಗೆ ಎರಡನೆಯದು ಬೇಡ. ಮುಂದಿನದರಲ್ಲಿ ಇದ್ದರೆ ತೆಗೆಯಲೇಬೇಕು, 10 ಪಿಎಸ್‌ಐ ಡಿಸ್ಕನ್ನ ತಣ್ಣಗಿದ್ದಾಗಲೂ ಉಜ್ಜಿಸುತ್ತೆ. ಈಗಿನ ವೀಲ್ ಸಿಲಿಂಡರುಗಳಲ್ಲಿ ಕಪ್ ಅಗಲಿಸುವ ಸ್ಪ್ರಿಂಗ್ ಇರೋದರಿಂದ ಡ್ರಮ್ಮಿಗೆ 10 ಬೇಡ ಅನ್ನುವವರಿದ್ದಾರೆ. ಫೈರ್‌ವಾಲ್ ಮೇಲಿನ ಮಾಸ್ಟರ್ ಸಿಲಿಂಡರಿಗೆ ಒಪ್ಪಬಹುದು, ನೆಲದಡಿಯದಕ್ಕೆ ನಾನು ಒಪ್ಪಲ್ಲ.

ಪಾದರಸ_18:

ಫೈರ್‌ವಾಲ್ ಬಗ್ಗೆ ಯಾರೂ ಹೇಳಲಿಲ್ಲ. 235 ಇರುವ ಗಾಡಿಗೆ ನನ್ನ ಉತ್ತರ: ಅದು ಬೇಡ. ಷೆವರ್ಲೆ ಲಾರಿಗಳಿಗೆ 1955ರ ಹೊಸ ಮಾದರಿಯಿಂದ, ಫೋರ್ಡಿಗೆ 1957ರಿಂದ ತೂಗುವ (ಡ್ಯಾಶ್ ಕೆಳಗಿನಿಂದ ಇಳಿಬಿದ್ದ) ಪೆಡಲ್ ಬಂತು. ಆ ಕ್ಯಾಬುಗಳ ಫೈರ್‌ವಾಲ್ ಅದಕ್ಕೆ ಅಂತಲೇ ಮಾಡಿದ್ದು. ನಿಮ್ಮದು ಬರೀ ತಗಡು. ಕಾಲಿನ ಒತ್ತಡಕ್ಕೆ ಅದು ಡಬ್ಬದ ಮುಚ್ಚಳದಂತೆ ಒಳಗೆ ಹೊರಗೆ ಆಡುತ್ತೆ. 3 ಮಿ.ಮೀ ಪ್ಲೇಟು ಕೊಟ್ಟು, ಡ್ಯಾಶ್ ಕೆಳಗಿನಿಂದ ಆಧಾರ ಕೊಟ್ಟು, ತೂಗುವ ಪೆಡಲ್ ಕೂರಿಸಿ, ಕ್ಲಚ್ ಲಿಂಕೇಜನ್ನೂ ಬದಲಿಸಬೇಕು. ವಿ-8 ಹಾಕಿ, ಹೆಡರ್ ಪೈಪು ಮಾಸ್ಟರ್ ಸಿಲಿಂಡರನ್ನ ಸುಡುವಂತಿದ್ದರೆ ಮಾತ್ರ ಆ ಕಷ್ಟಕ್ಕೆ ಅರ್ಥವಿದೆ.

ಈಗಿನ ಜಾಗದಲ್ಲೂ ಶಾಖದ ಕಡೆ ಗಮನ ಕೊಡಿ. 235ರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಡ್ರೈವರ್ ಕಡೆಯೇ ಇದೆ. ಪೈಪು ಬೂಸ್ಟರಿನಿಂದ ನಾಲ್ಕು ಇಂಚಿಗಿಂತ ಹತ್ತಿರ ಹಾದರೆ ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿ, ಎರಡೂ ಕಡೆ ಗಾಳಿ ಆಡುವಂತೆ. ಆಯಿಲ್ ಡಾಟ್ 4 ಹಾಕಿ. ಸಿಲಿಕೋನಿನ ಡಾಟ್ 5 ಬೇರೆಯದೇ ವಸ್ತು, ಬೆರೆಸಬೇಡಿ.

ಲೆವೆಲ್ ನೋಡೋಕೆ ಪ್ರತಿ ಸಲ ನೆಲದ ಮುಚ್ಚಳ ಎತ್ತಿದರೆ ಮ್ಯಾಟಿನ ಧೂಳೆಲ್ಲಾ ಟ್ಯಾಂಕಿಗೆ ಬೀಳುತ್ತೆ. ಫೈರ್‌ವಾಲ್ ಮೇಲೆ ಎರಡು ಕೋಣೆಯ ರಿಮೋಟ್ ಟ್ಯಾಂಕ್ ಇಟ್ಟರೆ ಈ ಕಾಟ ತಪ್ಪುತ್ತೆ. ಕ್ಯಾಬ್ ರಬ್ಬರ್ ಮೇಲೆ ಕೂತು ಚಾಸಿಸ್ಸಿನಿಂದ ಬೇರೆಯಾಗಿ ಅಲುಗುತ್ತೆ, ಆದ್ದರಿಂದ ನಡುವಿನ ಹೋಸ್ ಸ್ವಲ್ಪ ಸಡಿಲವಾಗಿರಲಿ. ಹೋಸ್ ಬ್ರೇಕ್ ಆಯಿಲಿಗೆ ತಕ್ಕದ್ದೇ ಇರಬೇಕು, ಪೆಟ್ರೋಲ್ ಹೋಸ್ ಊದಿ ಮೆತ್ತಗಾಗುತ್ತೆ.

ಡೆನ್ವರ್_ಪಿಕಪ್:

ಕ್ಲೇ ಪೂರ್ತಿ ಹಿಂಡಿಹೋಗಿತ್ತು. ಬೋಲ್ಟ್ ಇಳಿಸಿದ ಮೇಲೆ ಗ್ಯಾಪು 0.5ಕ್ಕೆ ಬಂತು, ಬುಗ್ಗೆಯೂ ಏಳುತ್ತಿದೆ. ಔಟ್‌ಲೆಟ್‌ಗಳಲ್ಲಿ ವಾಲ್ವ್ ಇಲ್ಲ, ಹಾಗಾಗಿ 2 ಮತ್ತು 10 ಎರಡೂ ತರಿಸಿ ಹಾಕ್ತೀನಿ. ಆಮೇಲೆ ಬ್ಲೀಡ್ ಮಾಡೋವಾಗ ನೆಲದಡಿಯದಕ್ಕೆ ಬೇರೆ ಏನಾದರೂ ಕ್ರಮ ಇದೆಯಾ? ಗಾಡಿಯ ಹಿಂಭಾಗ ಸ್ವಲ್ಪ ಎತ್ತರಕ್ಕಿದೆ.

ಮಂಡ್ಯ_ಜೀಪು:

ಇದೆ. ಫೈರ್‌ವಾಲ್ ಗಾಡಿಗೆ ಹೇಳೋದರ ತಿರುಗುಮುರುಗು. ನಿಮ್ಮ ಮಾಸ್ಟರ್ ಸಿಲಿಂಡರಿನ ಮುಚ್ಚಿದ ತುದಿ ಗಾಡಿಯ ಹಿಂದಕ್ಕೆ ಮುಖ ಮಾಡಿದೆ. ಹಿಂಭಾಗ ಎತ್ತರವಿದ್ದರೆ ಗಾಳಿ ಆ ತುದಿಗೇ ಹೋಗಿ ಕೂರುತ್ತೆ, ಅಲ್ಲಿಂದ ಹೊರಗೆ ಬರೋ ದಾರಿ ಇಲ್ಲ. ಕಾಂಪನ್ಸೇಟಿಂಗ್ ಪೋರ್ಟ್ ಇರೋದು ಪುಶ್‌ರಾಡ್ ಕಡೆಗೆ. ಹಾಗಾಗಿ ಗಾಡಿಯ ಮುಂಭಾಗವನ್ನ ಎತ್ತಿ ಸ್ಟ್ಯಾಂಡ್ ಮೇಲಿಡಿ, ಮಾಸ್ಟರ್ ಸಿಲಿಂಡರಿನ ಪುಶ್‌ರಾಡ್ ಕಡೆ ಮೇಲಾಗಬೇಕು.

ಮಾಸ್ಟರ್ ಸಿಲಿಂಡರ್ ಬಿಚ್ಚಿದ್ದರೆ ಮೊದಲು ವೈಸಿನಲ್ಲಿ ಸಮವಾಗಿ ಹಿಡಿದು, ಔಟ್‌ಲೆಟ್‌ಗಳಿಂದ ಟ್ಯಾಂಕಿಗೇ ಮರಳುವಂತೆ ಸಣ್ಣ ಪೈಪ್ ಹಾಕಿ, ಗುಳ್ಳೆ ನಿಲ್ಲುವವರೆಗೆ ನಿಧಾನವಾಗಿ ಒತ್ತಿ. ಗಾಡಿಗೆ ಕೂರಿಸಿದ ಮೇಲೆ ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಹಿಂದಿನ ಶೂ ಅಡ್ಜಸ್ಟ್ ಮಾಡಿಯೇ ಶುರುಮಾಡಿ. ಶೂ ದೂರ ಇದ್ದರೆ ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಕೆಳಗೇ. ಪೆಡಲನ್ನ ಪಂಪ್ ಮಾಡಬೇಡಿ, ನಿಧಾನವಾಗಿ ಒಂದೇ ಸಲ ಒತ್ತಿ ಹಿಡಿಯಿರಿ. ಜೋರಾಗಿ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೊರೆಯಾಗುತ್ತೆ, ಕಾಂಬಿನೇಷನ್ ವಾಲ್ವಿನ ಸ್ವಿಚ್ ಕೂಡ ಒಂದು ಪಕ್ಕಕ್ಕೆ ಸರಿದು ಕೂರಬಹುದು. ಕ್ಯಾಲಿಪರಿನ ನಿಪ್ಪಲ್ ಮೇಲ್ಮುಖವಾಗಿದೆಯಾ ಅಂತಲೂ ನೋಡಿ. ಎಡಬಲ ಅದಲುಬದಲಾಗಿದ್ದರೆ ನಿಪ್ಪಲ್ ಕೆಳಗಿರುತ್ತೆ, ಆ ಗಾಳಿ ಎಂದೂ ಬರಲ್ಲ.

ಮುಗಿದ ಮೇಲೆ ಎಂಜಿನ್ ಆಫ್ ಇಟ್ಟು ಐದಾರು ಸಲ ತುಳಿದು ವ್ಯಾಕ್ಯೂಮ್ ಖಾಲಿ ಮಾಡಿ, ಪೆಡಲ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಆಮೇಲೆ ಖಾಲಿ ಮೈದಾನದಲ್ಲಿ 20 ನಿಮಿಷ ನಿಲ್ಲಿಸಿ ಓಡಿಸಿ ಮಾಡಿ, ನಾಲ್ಕೂ ಹಬ್ಬಿನ ಶಾಖ ಹೋಲಿಸಿ ನೋಡಿ. ಮುಂದಿನ ಎರಡು ಹಿಂದಿನದಕ್ಕಿಂತ ಬಿಸಿ ಇರೋದು ಸರಿ, ಆದರೆ ಮುಂದಿನ ಎರಡರ ನಡುವೆ ವ್ಯತ್ಯಾಸ ಕಂಡರೆ ಸರಿಯಾಗಿ ಜಾರದ ಸ್ಲೈಡ್ ಪಿನ್ ಹುಡುಕಿ. ಜೋರಾಗಿ ಹಿಡಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆದರೆ, ಪಿಕಪ್ ಖಾಲಿ ಇದ್ದಾಗ ಹಾಗಾಗುವ ಸಂಭವ ಇದ್ದೇ ಇದೆ, ಕಾಂಬಿನೇಷನ್ ವಾಲ್ವ್ ಬದಲು ಹಿಂದಿನ ಲೈನಿಗೆ ತಿರುಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಹಾಕಿ, ಮುಂದಿನದು ಮೊದಲು ಲಾಕ್ ಆಗುವವರೆಗೆ ಹಿಂದಿನ ಒತ್ತಡ ಇಳಿಸುತ್ತಾ ಬನ್ನಿ.